ಕೈಯಲ್ಲಿದ್ದ ಬುಧವಾರ

"ಕಾಕಾ, ವಿಮಾನ ಇಳದದ. ಆದ್ರ ಭಾಳ ತಡ ಆಗ್ಯದ. ಇನ್ನೂ ಇಮಿಗ್ರೇಷನ್ ಸಾಲಿನ್ಯಾಗ ನಿಂತೀನಿ."

ಸೇಡಂ ನಿಲ್ದಾಣದ ಬೆಂಚಿನ ಮೇಲೆ ಕೂತು ಫೋನನ್ನು ಕಿವಿಗೆ ಒತ್ತಿಕೊಂಡಿದ್ದೀರಿ. ಆ ಕಡೆಯಿಂದ ಶಂಷಾಬಾದ್ ವಿಮಾನ ನಿಲ್ದಾಣದ ಗದ್ದಲ ಕೇಳುತ್ತಿದೆ, ಈ ಕಡೆ ಗೂಡ್ಸ್ ಗಾಡಿಯ ದಡಬಡ. ಜೂನ್ ತಿಂಗಳ ಸೆಖೆಗೆ ಬನಿಯನ್ನು ಬೆನ್ನಿಗೆ ಅಂಟಿದೆ. ಗಾಳಿಯಲ್ಲಿ ಸಿಮೆಂಟಿನ ಒಣ ವಾಸನೆ, ಅದರ ನಡುವೆ ಎಲ್ಲೋ ಬಿದ್ದ ಮಳೆಗೆ ನೆನೆದ ಎರೆಮಣ್ಣಿನ ವಾಸನೆ. ಪಕ್ಕದಲ್ಲಿ ದೊಡ್ಡವ್ವ ಕಾಲು ಚಾಚಿಕೊಂಡು ಮೊಣಕಾಲು ನೀವಿಕೊಳ್ಳುತ್ತಿದ್ದಾಳೆ. ಮೊಮ್ಮಗನ ಫೋನೆಂದು ಆಕೆಗೆ ಗೊತ್ತು. ಏನೂ ಕೇಳುವುದಿಲ್ಲ, ನಿಮ್ಮ ಮುಖವನ್ನೇ ನೋಡುತ್ತಾಳೆ.

ಹುಡುಗ ದುಬೈನಿಂದ ಬೆಳಗಿನ ಜಾವವೇ ಇಳಿದು, ಸಿಕಂದರಾಬಾದಿನಲ್ಲಿ ಮುಂಬೈ ಕಡೆಯ ಎಕ್ಸ್‌ಪ್ರೆಸ್ ಹತ್ತಬೇಕಿತ್ತು. ಅದೇ ಗಾಡಿಯನ್ನು ನೀವಿಬ್ಬರೂ ವಾಡಿಯಲ್ಲಿ ಹಿಡಿದು, ಮೂವರೂ ಕೂಡಿ ಪುಣೆಯಲ್ಲಿಳಿದು ಆಳಂದಿಗೆ ಹೋಗುವುದೆಂದು ಮಾತಾಗಿತ್ತು. ಈಗ ಗಡಿಯಾರ ನೋಡುತ್ತೀರಿ. ಪಾಸ್‌ಪೋರ್ಟಿಗೆ ಮುದ್ರೆ ಬೀಳಬೇಕು, ಬ್ಯಾಗು ಬರಬೇಕು, ಟ್ಯಾಕ್ಸಿ ಸಿಗಬೇಕು, ಹೈದರಾಬಾದಿನ ಟ್ರಾಫಿಕ್ ದಾಟಬೇಕು. ಲೆಕ್ಕ ಕೂಡುವುದಿಲ್ಲ.

"ಓಡ್ಲೇನು ಕಾಕಾ? ಸಿಕ್ಕರೂ ಸಿಗಬಹುದು."

ಓಡು ಎಂದರೆ ಓಡುತ್ತಾನೆ. ಗಾಡಿ ತಪ್ಪಿದರೆ ಸಿಕಂದರಾಬಾದಿನ ಪ್ಲಾಟ್‌ಫಾರ್ಮ್ ಮೇಲೆ ಬ್ಯಾಗಿನ ಜೊತೆ ಒಬ್ಬನೇ ಉಳಿಯುತ್ತಾನೆ. ವೇಟಿಂಗ್ ಲಿಸ್ಟ್ ಟಿಕೆಟ್ ಹಿಡಿದು ಸ್ಲೀಪರ್ ಬೋಗಿ ಹತ್ತುವ ಹಾಗಿಲ್ಲ, 2025ರ ಮೇ ತಿಂಗಳಿಂದ ಬಿಗಿ ಮಾಡಿದ್ದಾರೆ. ಉಳಿಯುವುದು ಜನರಲ್ ಬೋಗಿ, ರಾತ್ರಿಯಿಡೀ ಒಂಟಿಕಾಲಿನ ನಿಲುವು. ಗಂಟಲು ಒಣಗುತ್ತದೆ. ಒಂದು ಗುಟುಕು ನೀರು ಕುಡಿದು ಹೇಳುತ್ತೀರಿ:

"ಹೊರಗ ಬರಬ್ಯಾಡ. ಅಲ್ಲೇ ಪುಣೆ ವಿಮಾನ ನೋಡು. ಬ್ಯಾಗ್ ಯಾವಾಗ ಬರ್ತದೋ ಏನೋ, ಇವತ್ತಿಂದು ಬ್ಯಾಡ. ನಾಳಿ ಮುಂಜಾನಿದು ತೊಗೊ."

"ರೊಕ್ಕ ಭಾಳ ಹೇಳ್ತಾರ."

"ಹೇಳ್ಲಿ. ನಮ್ಮ ಕೈಯಾಗ ಬುಧವಾರ ಅದ."

ಇವತ್ತು ಮಂಗಳವಾರ, ಜೂನ್ 17. ಜ್ಯೇಷ್ಠ ಬಹುಳ ಅಷ್ಟಮಿ ಬರುವುದು ಗುರುವಾರ, 19ಕ್ಕೆ. ಅಂದು ಜ್ಞಾನೇಶ್ವರ ಮಹಾರಾಜರ ಪಾದುಕೆ ಹೊತ್ತ ಪಲ್ಲಕ್ಕಿ ಆಳಂದಿಯ ಗುಡಿಯಿಂದ ಹೊರಡುತ್ತದೆ. ದೇಹುವಿನಿಂದ ತುಕಾರಾಮರ ಪಲ್ಲಕ್ಕಿ ಹೊರಡುವುದು ಅದರ ಹಿಂದಿನ ದಿನ. ಜುಲೈ 6ರ ಆಷಾಢ ಏಕಾದಶಿಗೆ ಎರಡೂ ಪಂಢರಪುರದಲ್ಲಿರಬೇಕು. ತಿಥಿ ಯಾರಿಗೂ ಕಾಯುವುದಿಲ್ಲ. ಅದಕ್ಕೇ ಏಪ್ರಿಲ್‌ನಲ್ಲಿ ಟಿಕೆಟ್ ಮಾಡಿಸುವಾಗ ದೊಡ್ಡವ್ವ ಒಂದು ದಿನ ಮುಂಚಿನದನ್ನೇ ಮಾಡಿಸಲು ಹಟ ಹಿಡಿದಿದ್ದಳು. ಈಗ 60 ದಿನ ಮೊದಲು ಮಾತ್ರ ರಿಸರ್ವೇಶನ್ ತೆರೆಯುತ್ತದೆ. ಮೊದಲಿದ್ದ 120 ದಿನ 2024ರ ನವೆಂಬರ್‌ಗೆ ಮುಗಿಯಿತು. ಪಲ್ಲಕ್ಕಿಯ ಜೊತೆ ಪಂಢರಪುರಕ್ಕೆ ನಡೆಯುವ ಈ ಯಾತ್ರೆಗೆ, ವಾರಿಗೆ, ಹೋಗುವವರೆಲ್ಲ ಅವೇ ಒಂದೆರಡು ತಾರೀಖಿನ ಮೇಲೆ ಬಿದ್ದಿದ್ದರು. ಹುಡುಗನಿಗೆ ಬರ್ತ್ ಸಿಕ್ಕಿತು, ನಿಮಗಿಬ್ಬರಿಗೆ ಸಿಕ್ಕಿದ್ದು ಆರ್‌ಎಸಿ, ಕೂರಲು ಮಾತ್ರ ಜಾಗ.

ಸೇಡಂನಿಂದ ಬಸ್ಸಿನಲ್ಲಿ ಕಲಬುರಗಿಗೆ ಹೋಗಿ ಅಲ್ಲಿ ಗಾಡಿ ಹತ್ತಬಹುದಿತ್ತಲ್ಲ ಎಂದು ಪಕ್ಕದ ಬೆಂಚಿನವರು ಕೇಳುತ್ತಾರೆ. ಹೋಗಬಹುದಿತ್ತು. ಜೋರು ಮಳೆ ಬಿದ್ದರೆ ಕಾಗಿಣಾ ತುಂಬಿ ಮಳಖೇಡದ ಸೇತುವೆ ಮೇಲೆ ನೀರು ಬರುತ್ತದೆ, ರಸ್ತೆ ಬಂದ್ ಆಗುತ್ತದೆ. ಈ ಕಡೆಯವರಿಗೆ ಇದು ಹೊಸದಲ್ಲ. ಕಲಬುರಗಿಗೂ 2019ರ ನವೆಂಬರ್‌ನಲ್ಲಿ ವಿಮಾನ ಬಂತು, ಆದರೆ ಅಲ್ಲಿಂದ ಪುಣೆಗೆ ನೇರ ಹಾರುವ ಹಾಗಿಲ್ಲ. ದೊಡ್ಡವ್ವನ ಚಿಂಚೋಳಿ ತಾಲ್ಲೂಕಿಗಂತೂ ರೈಲೇ ಇಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಸೇಡಂಗೆ ಬಂದಿದ್ದಾಳೆ. ನೀವು ಹತ್ತುವ ಎಕ್ಸ್‌ಪ್ರೆಸ್ ಸೇಡಂನಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಪ್ಯಾಸೆಂಜರ್‌ನಲ್ಲಿ ವಾಡಿ, ವಾಡಿಯಲ್ಲಿ ಎರಡು ತಾಸು ಬಿಡುವು, ಆಮೇಲೆ ಎಕ್ಸ್‌ಪ್ರೆಸ್.

ಪ್ಯಾಸೆಂಜರ್ ಬರುತ್ತದೆ. ದೊಡ್ಡವ್ವನ ಮೊಣಕೈ ಹಿಡಿದು ಹತ್ತಿಸುತ್ತೀರಿ. ಆಕೆಯ ಚೀಲ ನಿಮ್ಮ ಹೆಗಲಿಗೆ ಬೀಳುತ್ತದೆ: ಕಟಿರೊಟ್ಟಿ, ಶೇಂಗಾ ಹಿಂಡಿ, ಎರಡು ಸೀರೆ, ಒಂದು ಪ್ಲಾಸ್ಟಿಕ್ ಹಾಳೆ. ಅಡುಗೆಯ ಹಂಡೆ, ಡೇರೆ, ದೊಡ್ಡ ಗಂಟುಗಳೆಲ್ಲ ದಿಂಡಿಯ, ಅಂದರೆ ಕೂಡಿ ನಡೆಯುವ ತಂಡದ, ಲಾರಿಯಲ್ಲಿ ಮೊದಲೇ ಹೋಗಿವೆ.

ಮಳಖೇಡ ರೋಡ್ ದಾಟುತ್ತದೆ. ಕಿಟಕಿಯಾಚೆ ಉತ್ತಿಟ್ಟ ಕಪ್ಪು ಹೊಲಗಳು. ಮಿರಗ ಮಳೆ ನಡೆಯುತ್ತಿರುವ ಹೊತ್ತು, ಕೆಲವರು ಆಗಲೇ ತೊಗರಿ ಬಿತ್ತಿದ್ದಾರೆ. ನಿಮ್ಮ ಹೊಲ ಹಾಗೇ ಇದೆ. ಬೀಜ, ಗೊಬ್ಬರ ತಮ್ಮನ ಕೈಗೆ ಕೊಟ್ಟು ಬಂದಿದ್ದೀರಿ. ನಾಳೆಯೇ ಹದ ಬಂದರೆ ಕೂರಿಗೆ ಹಿಡಿಯುವವನು ಅವನೊಬ್ಬನೇ. ಆ ಯೋಚನೆ ಹೊಟ್ಟೆಯಲ್ಲಿ ಕಲ್ಲಾಗಿ ಕೂತಿದೆ.

ಚಿತ್ತಾಪುರ. ಗಾಡಿ ಪಕ್ಕದ ಲೂಪ್ ಲೈನಿಗೆ ಹೊರಳುತ್ತದೆ. ನಿಲ್ಲುತ್ತದೆ. ಏಳುವುದಿಲ್ಲ.

ಐದು ನಿಮಿಷ. ಹತ್ತು. ಜನ ಇಳಿದು ಪ್ಲಾಟ್‌ಫಾರ್ಮ್ ಮೇಲೆ ಬೀಡಿ ಹಚ್ಚುತ್ತಾರೆ. ಮಿರ್ಚಿ ಭಜಿಯವನು ಎರಡನೇ ಸುತ್ತು ಬರುತ್ತಾನೆ, ಕರಿದ ಎಣ್ಣೆಯ ಕಮಟು ಮೂಗಿಗೆ ಅಡರುತ್ತದೆ. ಬಿಳಿ ಟೋಪಿ, ಕೊರಳಲ್ಲಿ ತುಳಸಿಮಾಲೆ ಹಾಕಿದ ಮುದುಕನೊಬ್ಬ ಹತ್ತಿ, "ರಾಮಕೃಷ್ಣ ಹರಿ" ಎಂದು ದೊಡ್ಡವ್ವನ ಪಾದ ಮುಟ್ಟುತ್ತಾನೆ. ವಾರಿಯಲ್ಲಿ ಹಿರಿಯ ಕಿರಿಯ ನೋಡದೆ ಒಬ್ಬರಿಗೊಬ್ಬರು ಹೀಗೆ ಎರಗುತ್ತಾರೆ. ಅರ್ಧ ಗಂಟೆ. ಮುಕ್ಕಾಲು ಗಂಟೆ. ಒಂದು ಗೂಡ್ಸ್ ಹೋಗುತ್ತದೆ, ಅದರ ಹಿಂದೆ ಇನ್ನೊಂದು. ವಾಡಿಯಲ್ಲಿ ಕಳೆಯಬೇಕಿದ್ದ ಎರಡು ತಾಸು ಇಲ್ಲಿ ಕರಗುತ್ತಿದೆ.

ಆಗ ನಿಮಗೆ ಹೊಳೆಯುತ್ತದೆ. ನಿಮ್ಮ ಎಕ್ಸ್‌ಪ್ರೆಸ್ ಬರುವುದೂ ಇದೇ ಹಳಿಯ ಮೇಲೆ, ನಿಮ್ಮ ಬೆನ್ನಿಗೇ. ಅದನ್ನು ಮುಂದೆ ಬಿಡಲೆಂದು ಈ ಗಾಡಿಯನ್ನು ಇಲ್ಲಿಯೇ ಹಿಡಿದರೆ, ಅದು ನಿಮ್ಮ ಕಣ್ಣೆದುರೇ ದಾಟಿ ವಾಡಿ ಸೇರುತ್ತದೆ. ಅಂಗೈ ಬೆವರುತ್ತದೆ. ಮೊಬೈಲ್ ತೆರೆದು ನೋಡುತ್ತೀರಿ: ತಾಂಡೂರು ಬಿಟ್ಟಾಗಿದೆ. ಎರಡು ಪಿಎನ್‌ಆರ್ ಜೋಡಿಸಿದ್ದರೆ ಮೊದಲ ಗಾಡಿಯ ತಡಕ್ಕೆ ಎರಡನೆಯದರ ದುಡ್ಡಾದರೂ ವಾಪಸು ಬರುತ್ತಿತ್ತು, 2019ರಿಂದ ಆ ಸೌಲಭ್ಯವಿದೆ. ಪ್ಯಾಸೆಂಜರ್ ಟಿಕೆಟ್ಟಿಗೆ ಪಿಎನ್‌ಆರೇ ಇಲ್ಲ. ಇಳಿದು ಆಟೊ ಹಿಡಿಯುವುದೇ? ಹಿಡಿದ ಮರುಕ್ಷಣ ಗಾಡಿ ಹೊರಟರೆ? ದೊಡ್ಡವ್ವನ ಮೊಣಕಾಲು, ಚೀಲ, ನಿಲ್ದಾಣದ ಹೊರಗಿನ ಹೊಂಡ ಬಿದ್ದ ರಸ್ತೆ. ಒಂದು ಕಾಲು ಪ್ಲಾಟ್‌ಫಾರ್ಮ್ ಮೇಲೆ, ಒಂದು ಮೆಟ್ಟಿಲ ಮೇಲೆ ಇಟ್ಟು ನಿಲ್ಲುತ್ತೀರಿ.

"ತಮ್ಮಾ, ಒಳಗ ಬಾ," ಎನ್ನುತ್ತಾಳೆ ದೊಡ್ಡವ್ವ. "ಹತ್ತಿದ ಗಾಡಿ ಬಿಡಬಾರದು."

ಸಿಗ್ನಲ್ ಹಸಿರಾಗುತ್ತದೆ.

ವಾಡಿ ಬರುವಷ್ಟರಲ್ಲಿ ಎಲ್ಲರೂ ಬಾಗಿಲಿಗೆ ಬಂದಿದ್ದಾರೆ. ಮುಂಬೈಯಿಂದ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಗೆ ಕೂಡಿತು. 1874ರಲ್ಲಿ ನಿಜಾಮರ ರೈಲು ಹೈದರಾಬಾದಿನಿಂದ ಬಂದು ಆ ದಾರಿಯನ್ನು ಸೇರಿದ್ದು ಈ ವಾಡಿಯಲ್ಲಿ. ಅಂದಿನಿಂದ ಇಲ್ಲಿ ಗಾಡಿ ಬದಲಿಸುವವರ ಓಡಾಟ ನಿಂತಿಲ್ಲ. ಇವತ್ತು ಓಡುವ ಸರದಿ ನಿಮ್ಮದು. ಧ್ವನಿವರ್ಧಕ ಕೂಗುತ್ತದೆ: ನಿಮ್ಮ ಗಾಡಿ ಆಚೆ ಪ್ಲಾಟ್‌ಫಾರ್ಮಿಗೆ ಬರುತ್ತಿದೆ. ಮೇಲ್ಸೇತುವೆ ಹತ್ತಬೇಕು. ದೊಡ್ಡವ್ವ ಒಂದೊಂದೇ ಮೆಟ್ಟಿಲಿಗೆ ಎರಡೂ ಪಾದ ಇಡುತ್ತಾಳೆ. ಎಡಗೈ ಕಂಬಿಗೆ, ಬಲಗೈ ನಿಮ್ಮ ಭುಜಕ್ಕೆ. ಆಕೆಯ ಉಸಿರು ಸುಯ್ಯೆನ್ನುತ್ತದೆ. ಎತ್ತಿಕೊಂಡು ಓಡಿಬಿಡಲೇ ಅನ್ನಿಸುತ್ತದೆ. ಕೆಳಗೆ ಹೆಡ್‌ಲೈಟಿನ ಬೆಳಕು ಹಳಿಯ ಮೇಲೆ ಹರಿಯುತ್ತದೆ. ಮೆಟ್ಟಿಲು ಮುಗಿಯುವುದಿಲ್ಲ. ಎದುರಿಂದ ಇಳಿದವರ ಹಿಂಡು. "ಜರಾ ಬಾಜೂ, ಬಾಜೂ!" "ಸರೀರಿ ಯಪ್ಪಾ!" ಗಾಡಿ ನಿಂತಿದೆ. ನಿಮ್ಮ ಬೋಗಿ ಇನ್ನೂ ಮುಂದಿದೆ. ಸಿಕ್ಕ ಬಾಗಿಲಿಗೆ ದೊಡ್ಡವ್ವನನ್ನು ತಳ್ಳಿ, ಚೀಲ ಎಸೆದು, ಹಿಡಿಕೆ ಹಿಡಿದು ನೀವೂ ಹತ್ತುತ್ತೀರಿ. ಚಕ್ರ ಉರುಳುತ್ತದೆ.

ಎಷ್ಟೋ ಹೊತ್ತು ಎದೆ ಬಡಿತ ಕಿವಿಯಲ್ಲೇ ಕೇಳುತ್ತದೆ. ಬೋಗಿಯಿಂದ ಬೋಗಿಗೆ ದಾಟಿ ನಿಮ್ಮ ಸೈಡ್ ಲೋವರ್ ಸೇರಿ, ಎದುರುಬದುರು ಕಾಲು ಮಡಚಿ ಕೂರುವಷ್ಟರಲ್ಲಿ ಹೊರಗೆ ಶಹಾಬಾದ್. ಬೆಳಕಿನಡಿ ಒಟ್ಟಿದ ಪರಸಿಕಲ್ಲುಗಳು ಬಂದವು, ಹೋದವು. ಟಿಟಿ ಬಂದು ಕೈಯಲ್ಲಿನ ಯಂತ್ರ ನೋಡಿ, ಮುಂದಿನ ಖಾನೆಯಲ್ಲಿ ಒಂದು ಬರ್ತ್ ಖಾಲಿ ಇದೆ, ಸಿಕಂದರಾಬಾದಿನ ಪ್ಯಾಸೆಂಜರ್ ಬಂದಿಲ್ಲ, ಆರ್‌ಎಸಿಯಲ್ಲಿ ಸರದಿ ನಿಮ್ಮದು ಎನ್ನುತ್ತಾರೆ. ನಂಬರ್ ಕೇಳಿ ನಿಮಗೆ ನಗು ಬರುತ್ತದೆ. ಅದು ಹುಡುಗನದೇ. ದೊಡ್ಡವ್ವ ಮೊಮ್ಮಗನ ಬರ್ತಿನ ಮೇಲೆ ಕಾಲು ಚಾಚುತ್ತಾಳೆ.

ನೀವು ಎಚ್ಚರವಿರುತ್ತೀರಿ. ನಾಳೆ ಅವನ ವಿಮಾನವೂ ತಡವಾದರೆ? ಅದಕ್ಕೂ ದಾರಿ ಇದೆ. ಪಲ್ಲಕ್ಕಿ ಪುಣೆಯಲ್ಲಿ ಎರಡು ರಾತ್ರಿ ತಂಗುತ್ತದೆ, ಶುಕ್ರವಾರ, ಶನಿವಾರ. ಅಲ್ಲಿ ದಿಂಡಿ ಸೇರಿಕೊಂಡರೂ ನಡಿಗೆ ತಪ್ಪುವುದಿಲ್ಲ. ಆದರೆ ದೊಡ್ಡವ್ವನಿಗೆ ಮೊಮ್ಮಗ ಆಳಂದಿಯಲ್ಲೇ ಕುದುರೆ ನೋಡಬೇಕು. ಹೈಬತ್‌ಬಾಬಾ ಆರಫಳಕರರು 19ನೇ ಶತಮಾನದಲ್ಲಿ ಈ ಪಲ್ಲಕ್ಕಿಯನ್ನು ಶುರು ಮಾಡಿದ ಕಾಲದಿಂದ ಅಂಕಲಿಯ ಶಿತೋಳೆ ಸರದಾರರ ಮನೆಯ ಕುದುರೆಗಳು ಬರುತ್ತವೆ. ಅಂಕಲಿ ನಮ್ಮ ಬೆಳಗಾವಿ ಜಿಲ್ಲೆಯದು. ಸುಮಾರು 300 ಕಿಲೊಮೀಟರ್ ನಡೆದೇ ಆಳಂದಿ ಸೇರುತ್ತವೆ. ಒಂದರ ಮೇಲೆ ಸವಾರನಿರುತ್ತಾನೆ, ಇನ್ನೊಂದರ ಬೆನ್ನು ಖಾಲಿ, ಅಲ್ಲಿ ಮಾವುಲಿ, ಅಂದರೆ ಜ್ಞಾನೇಶ್ವರರೇ, ಕೂತಿದ್ದಾರೆಂದು ನಂಬಿಕೆ. "ನಮ್ಮ ಕಡಿ ಕುದುರಿ ನಡಕೋತ ಬರ್ತಾವ, ಇವ ವಿಮಾನದಾಗ ಬರಾಕ ಆಗಂಗಿಲ್ಲೇನು?" ಎಂದು ಆಕೆ ಅರೆನಿದ್ದೆಯಲ್ಲೇ ಗೊಣಗುತ್ತಾಳೆ.

ಬುಧವಾರ ನಡುಹಗಲು. ಲೋಹಗಾಂವ್ ವಿಮಾನ ನಿಲ್ದಾಣದಿಂದ ಆಟೊದಲ್ಲಿ ಬಂದ ಹುಡುಗ ಇಂದ್ರಾಯಣಿಯ ದಂಡೆಯಲ್ಲಿ ಅಜ್ಜಿಯ ಕಾಲಿಗೆ ಬೀಳುತ್ತಾನೆ. ಗುರುವಾರವಾಗಿದ್ದರೆ ಆಟೊ ಇಷ್ಟು ಹತ್ತಿರ ಬರುತ್ತಿರಲಿಲ್ಲ, ಹೊತ್ತೇರುತ್ತಿದ್ದಂತೆ ಊರಿನ ದಾರಿಗಳೆಲ್ಲ ಜನವೇ ಆಗುತ್ತವೆ. ನಿದ್ದೆಗೆಟ್ಟು ಕೆಂಪಗಾದ ಕಣ್ಣು, ಉಬ್ಬಿದ ಪಾದ. ನಿಮ್ಮ ಕೈಯಲ್ಲಿದ್ದ ದಿನವನ್ನು ಪೂರ್ತಿ ಅವನೇ ಖರ್ಚು ಮಾಡಿದ್ದಾನೆ.

ಮರುದಿನ ಗುಡಿಯ ಮುಂದಿನ ಓಣಿಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತಿದ್ದೀರಿ. ಬುಕ್ಕಾದ ಘಮ, ನೆನೆದ ಬಟ್ಟೆಯ ವಾಸನೆ, ಟಾಳದ ಏಟಿಗೆ ಎದೆಗೂಡೇ ಅದುರುತ್ತಿದೆ. ಪಕ್ಕದ ಹೆಂಗಸಿನ ತಲೆಯ ಮೇಲಿನ ತುಳಸಿಕಟ್ಟೆ ನಿಮ್ಮ ಕಿವಿಗೆ ಸವರುತ್ತದೆ. ಕುದುರೆಗಳು ಒಳಗೆ ಹೋಗುತ್ತವೆ. ಜನ ಅವುಗಳ ಗೊರಸಿನಡಿಯ ಮಣ್ಣಿಗೆ ಕೈ ಚಾಚುತ್ತಾರೆ. ಹಿಂದಿನಿಂದ ಒತ್ತುತ್ತಾರೆ, ಮುಂದಿನಿಂದ ತಳ್ಳುತ್ತಾರೆ, ಒಂದು ಗಳಿಗೆ ಪಾದ ನೆಲ ಬಿಟ್ಟಿವೆ. ಉಸಿರು ಸಿಗುವುದಿಲ್ಲ. ದೊಡ್ಡವ್ವನ ಸೆರಗು ಎಲ್ಲಿ? ಹುಡುಗ ಅದನ್ನು ಮುಷ್ಟಿಯಲ್ಲಿ ಹಿಡಿದಿದ್ದಾನೆ. ಪಲ್ಲಕ್ಕಿ ಹೊರಬರುತ್ತದೆ. ಓಣಿಯೆಲ್ಲ ಒಂದೇ ಕೂಗು.

ಪಲ್ಲಕ್ಕಿ ಊರೊಳಗೇ ಸಾಗಿ ಆಜೋಳಘರ ಎಂಬಲ್ಲಿ ನಿಲ್ಲುತ್ತದೆ. ಮೊದಲ ರಾತ್ರಿಯ ಮುಕ್ಕಾಂ ಆಳಂದಿಯಲ್ಲೇ.

"ಇಷ್ಟೇನಾ?" ಹುಡುಗ ಬಾಯಿ ಬಿಡುತ್ತಾನೆ. "ಇಷ್ಟು ನಡೀಲಿಕ್ಕ ದುಬೈಯಿಂದ ಎರಡು ವಿಮಾನ ಹತ್ತಿ ಬಂದ್ನೇನು ಆಯಿ?"

"ನಾಳಿ ಪುಣೆ ತನಕ ಹತ್ರ ಹತ್ರ ಮೂವತ್ತು ಕಿಲೊಮೀಟರ್ ಅದ," ಎನ್ನುತ್ತಾಳೆ ದೊಡ್ಡವ್ವ, ಅವನ ಹೊಸ ಬೂಟು ನೋಡುತ್ತ. "ಅವು ಕಚ್ತಾವ. ಲಾರಿಯಾಗ ನನ್ನ ಹಳೀ ಚಪ್ಪಲ್ ಅದಾವ, ತೊಗೊಂಡು ಬಾ."