ಬೆಟ್ಟದ ಮಂಜು, ಚಪ್ಪರದ ಬೂಜು

ನಂದಿಬೆಟ್ಟಕ್ಕೆ ಹೋಗುವವರಲ್ಲಿ ಎರಡು ಪಂಗಡ. ಕಾರಿನಲ್ಲಿ ನೇರ ನೆತ್ತಿಗೇ ಹೋಗಿ ಇಳಿಯುವವರು ಒಂದು. ಸುಲ್ತಾನ್‌ಪೇಟೆ ಕಡೆಯಿಂದ ಸಾವಿರಕ್ಕೂ ಮಿಕ್ಕಿದ ಕಲ್ಲುಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಮೇಲೆ ಬಂದು, ಕಾರಿನವರನ್ನು ತುಸು ತಾತ್ಸಾರದಿಂದ ನೋಡುವವರು ಇನ್ನೊಂದು. ನಾನು ಎರಡನೆಯ ಪಂಗಡದವನು, ಮಂಡಿ ಒಪ್ಪುವ ತನಕ. ಆಸೆ ಮಾತ್ರ ಇಬ್ಬರದೂ ಒಂದೇ: ಮೋಡ. 1478 ಮೀಟರ್ ಎತ್ತರದ ಬಂಡೆಯಂಚಿನಲ್ಲಿ ನಿಂತರೆ ಕಾಲಡಿಗೆಲ್ಲ ಬೆಳ್ಳಗೆ ಹಾಸಿರಬೇಕು, ಸ್ಕಂದಗಿರಿ, ಬ್ರಹ್ಮಗಿರಿಗಳ ತಲೆಯಷ್ಟೇ ಮೇಲೆದ್ದಿರಬೇಕು, ಆ ಹೊತ್ತಿಗೆ ಸರಿಯಾಗಿ ಸೂರ್ಯ ಹುಟ್ಟಬೇಕು. ಇಷ್ಟಾದರೆ ಬೆಳಗಿನ ಜಾವ ಮೂರೂವರೆಗೆ ಅಲಾರಾಂ ಇಟ್ಟದ್ದು ಸಾರ್ಥಕ.

ಮೋಡವೆಂದು ನಾವು ಚಪ್ಪಾಳೆ ತಟ್ಟುವುದು ಎಷ್ಟೋ ಸಲ ಕೆಳಗಿನವರ ಮಂಜು. ಸುತ್ತಲಿನ ಬಯಲು ಸುಮಾರು 900 ಮೀಟರ್ ಎತ್ತರದಲ್ಲಿದೆ. ಚಳಿಗಾಲದ ರಾತ್ರಿ ನೆಲ ಬೇಗ ಆರುತ್ತದೆ, ತಣ್ಣನೆಯ ಗಾಳಿ ಭಾರಕ್ಕೆ ಜಾರಿ ತಗ್ಗಿನಲ್ಲಿ ನಿಲ್ಲುತ್ತದೆ, ಅದರಲ್ಲಿದ್ದ ತೇವ ಹನಿಗಟ್ಟುತ್ತದೆ. ಟಿಪ್ಪು ಕಾಲದಲ್ಲಿ ಇದೇ ಅಂಚಿನಲ್ಲಿ ನಿಂತು ಬಯಲು ಕಾಯುತ್ತಿದ್ದ ಪಹರೆಯವನಿಗೆ ಇಂಥ ಬೆಳಗು ಹಿತವೆನಿಸಿರಲಾರದು. 1791ರ ಅಕ್ಟೋಬರಿನಲ್ಲಿ ಬ್ರಿಟಿಷರ ಕಾರ್ನ್‌ವಾಲಿಸನ ಸೈನ್ಯ ಬೆಟ್ಟದ ಮೇಲಿನ ಟಿಪ್ಪುವಿನ ಕೋಟೆಯನ್ನು ಹಿಡಿಯಿತು. ಆಮೇಲೆ ಮೈಸೂರಿನ ಬ್ರಿಟಿಷ್ ಕಮಿಷನರ್ ಕಬ್ಬನ್ ಸಾಹೇಬ ತಂಪಿಗೆಂದು ಬಂದ. 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ಬಂದರು. ಈಗ ನಾವು ಫೋಟೋಕ್ಕೆಂದು ಬರುತ್ತೇವೆ.

ಬೆಟ್ಟ ಇಳಿದ ಮೇಲೆ ನನಗೊಂದು ಚಾಳಿಯಿದೆ. ಭೋಗನಂದೀಶ್ವರನಿಗೆ ಕೈಮುಗಿದು, ತಿಂಡಿ ಮುಗಿಸಿ, ಬಸ್ಸು ಹಿಡಿಯದೆ ದ್ರಾಕ್ಷಿ ತೋಟಗಳ ನಡುವಿನ ದಾರಿಯಲ್ಲಿ ಸುಮ್ಮನೆ ನಡೆಯುವುದು. ಇಲ್ಲಿನ ಚಪ್ಪರಗಳಿಗೆ ಕಲ್ಲಿನದೇ ಕಂಬ. ಮೇಲೆ ತಂತಿಯ ಬಲೆ, ಅದರ ಮೇಲೆ ಬಳ್ಳಿ. ಕೆಳಗೆ ಆಳೆತ್ತರದ ಹಸಿರು ನೆರಳು. ಅಂಥದ್ದೊಂದು ಚಪ್ಪರದ ಬಾಯಲ್ಲಿ ಪೈಪು ಬಿಡಿಸುತ್ತಿದ್ದ ಹಿರಿಯರೊಬ್ಬರು ನನ್ನ ಬೂಟು, ಕೋಲು ನೋಡಿಯೇ ಮಾತಿಗೆ ಎಳೆದರು.

“ಮೇಲೆ ಮೋಡ ಚೆನ್ನಾಗಿತ್ತಾ ಸಾರ್?”

“ಬಹಳ ಚೆನ್ನಾಗಿತ್ತು ಯಜಮಾನ್ರೇ.”

“ನಿಮಗೇನ್ ಬಿಡಿ, ನೋಡ್ಕೊಂಡ್ ಹೋಗ್ತೀರ. ನಾವು ಔಷಧಿ ಹೊಡೀಬೇಕು.”

ಒಂದು ಎಲೆ ಕಿತ್ತು ನನ್ನ ಕೈಗೆ ಕೊಟ್ಟರು. ಮೇಲ್ಭಾಗದಲ್ಲಿ ಎಣ್ಣೆ ಸೋಕಿದ ಕಾಗದದ ಥರ ಹಳದಿ ಮಚ್ಚೆ. ತಿರುವಿದರೆ, ಮಚ್ಚೆಯ ಬೆನ್ನಿಗೆ ನವಿರಾದ ಬಿಳಿ ಬೂಜು. ಕೃಷಿ ಇಲಾಖೆಯ ಪುಸ್ತಕದಲ್ಲಿ ಇದು ಬೂಜು ತುಪ್ಪಟ ರೋಗ, ತೋಟದವರ ಬಾಯಲ್ಲಿ ಬರೀ ‘ಡೌನಿ’. ಎಲೆ ಕೆಲವು ಗಂಟೆ ಒದ್ದೆಯಾಗಿದ್ದರೆ ಸಾಕು, ಅದಕ್ಕೆ ಹಬ್ಬ. ಅಕ್ಟೋಬರಿನಲ್ಲಿ ಬಳ್ಳಿ ಕಟಿಂಗ್ ಮಾಡಿ, ಚಿಗುರೊಡೆದು, ಹೂಗೊಂಚಲು ಬಿಡುವ ಹೊತ್ತಿಗೇ ಮಂಜಿನ ಕಾಲವೂ ಶುರು. ಮೇಲೆ ನಾವು ದೇವರಲ್ಲಿ ಬೇಡಿಕೊಂಡದ್ದನ್ನೇ ಕೆಳಗೆ ಇವರು ಬೇಡವೆಂದು ಬೇಡಿಕೊಂಡಿರುತ್ತಾರೆ. ನಂದೀಶ್ವರನ ಫಜೀತಿ ಯಾರಿಗೂ ಬೇಡ.

ಡ್ರಮ್ಮಿನಲ್ಲಿ ತಿಳಿನೀಲಿ ದ್ರಾವಣ ತಿರುಗುತ್ತಿತ್ತು. ನಾನು ಬೆಳೆದದ್ದೇ ಆ ನೀಲಿಯಲ್ಲಿ. ಮಲೆನಾಡಿನ ಸಾಗರದ ಕಡೆಯ ನಮ್ಮ ಅಡಿಕೆ ತೋಟಕ್ಕೆ ಮಳೆಗಾಲದಲ್ಲಿ ಕೊಳೆರೋಗ ಬಾರದಿರಲೆಂದು ಅಪ್ಪಯ್ಯ ಇದನ್ನೇ ಬಹಳ ಶ್ರದ್ಧೆಯಿಂದ ತಯಾರಿಸುತ್ತಿದ್ದರು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ತಿರುವುಮುರುವಾದರೆ ಬೈಗುಳ. ಆಮೇಲೆ ಉಜ್ಜಿ ಹೊಳಪು ಮಾಡಿದ ಕತ್ತಿಯ ಅಲುಗನ್ನು ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಎತ್ತುತ್ತಿದ್ದರು. ಅಲುಗಿಗೆ ತಾಮ್ರದ ಕೆಂಪು ಕೂತಿದ್ದರೆ “ಸುಣ್ಣ ಸಾಲದು ಮಾಣಿ” ಎಂಬ ಅಪ್ಪಣೆ. ಕೊನೆಗೌಡ ಮರ ಹತ್ತಿ ಹೊಡೆಯುವಾಗ ಕೆಳಗೆ ಪಂಪು ಒತ್ತುವ ನನ್ನ ಮೈ, ಬನಿಯನ್ನು, ಅಂಗಳದ ದಾಸವಾಳ ಎಲ್ಲಕ್ಕೂ ನೀಲಿ. ಇದು ಸರ್ಕಾರದವರು ಕಂಡುಹಿಡಿದ ಅಡಿಕೆ ಔಷಧಿ ಎಂದೇ ಊರಿನ ನಂಬಿಕೆ.

ಅಸಲಿಗೆ ಇದು ದ್ರಾಕ್ಷಿಯ ಔಷಧಿ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕದಿಯುತ್ತಾರೆಂದು ತೋಟದವರು ರಸ್ತೆ ಪಕ್ಕದ ಸಾಲಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು, ನೋಡಿದರೇ ವಿಷವೆನಿಸಬೇಕು. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಆ ದಾರಿಯಲ್ಲಿ ಹೋದಾಗ, ತೋಟವೆಲ್ಲ ಡೌನಿಗೆ ಎಲೆ ಉದುರಿಸಿದ್ದರೂ ರಸ್ತೆ ಬದಿಯ ಬಳ್ಳಿಗಳು ಮಾತ್ರ ಹಸಿರಾಗಿದ್ದವು. 1885ರಲ್ಲಿ ಆತ ಅಳತೆ ಗೊತ್ತುಮಾಡಿ ಲೋಕಕ್ಕೆ ಸಾರಿದ. ನಮ್ಮಲ್ಲಿಗೆ ತಂದವರು 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್. ಅಡಿಕೆ ಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದ ಮಲೆನಾಡಿಗೆ ಈ ಬೋರ್ಡೋ ದ್ರಾವಣ ಹೊಡೆಯಲು ಕಲಿಸಿದರು. ಕೊಳೆಯೂ ಡೌನಿಯೂ ಒಂದೇ ಕುಲದ ದಾಯಾದಿಗಳು, ನೀರಿದ್ದಲ್ಲಿ ಈಜುವ ಜಾತಿ. ಹಾಗಾಗಿ ಮದ್ದೂ ಒಂದೇ ಆಯಿತು. ಕಳ್ಳರಿಗೆ ಇಷ್ಟು ಉಪಕೃತವಾದ ಇನ್ನೊಂದು ಶಾಸ್ತ್ರ ನನಗೆ ಗೊತ್ತಿಲ್ಲ.

ಡೌನಿ ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿಯ ಬಳ್ಳಿಗಳ ಜತೆಗೇ ಯುರೋಪಿಗೆ ಹೋಯಿತು. ನಂದಿ ಸೀಮೆಯ ಹಳೇ ಒಕ್ಕಲಾದ ಬೆಂಗಳೂರು ಬ್ಲೂ ದ್ರಾಕ್ಷಿಯ ಮೂಲವೂ ಅದೇ ಅಮೆರಿಕದ ಬಳ್ಳಿ. ತವರಿನ ಕಾಯಿಲೆ ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ, ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. 2013ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು. ಹಣ್ಣನ್ನು ಬೆರಳಲ್ಲಿ ಒತ್ತಿದರೆ ತಿರುಳು ಸಿಪ್ಪೆ ಬಿಟ್ಟು ಪುಳಕ್ಕನೆ ಬಾಯಿಗೆ ಹಾರುತ್ತದೆ, ಹುಳಿಗೆ ಒಂದು ಕಣ್ಣು ತಾನಾಗಿ ಮುಚ್ಚುತ್ತದೆ. ಜ್ಯೂಸಿಗೆ, ಸಿಹಿ ವೈನಿಗೆ ಅದೇ ಸರಿ. ದೊಡ್ಡಬಳ್ಳಾಪುರದ ಬಳಿ 1988ರಲ್ಲಿ ಕನ್ವಲ್ ಗ್ರೋವರ್ ಎಂಬುವರು ವೈನಿಗೆಂದು ಫ್ರೆಂಚ್ ತಳಿಗಳ ತೋಟ ಶುರುಮಾಡಿದರಲ್ಲ, ಆ ಬಳ್ಳಿಗಳಿಗೆ ಇಲ್ಲಿನ ಸುಡುವ ಹಗಲು, ತಣ್ಣನೆಯ ರಾತ್ರಿ ಒಗ್ಗುತ್ತದೆ, ಮಂಜು ಒಗ್ಗದು. ಅಂಥದ್ದೊಂದು ಕಡೆ ವೈನ್ ರುಚಿ ನೋಡಿದ್ದೂ ಉಂಟು. ಮನೆಯಲ್ಲಿ ಅಮ್ಮನಿಗೆ ‘ದ್ರಾಕ್ಷಿ ರಸ’ ಎಂದಿದ್ದೆ, ಸುಳ್ಳೇನಲ್ಲ.

ಚಪ್ಪರದ ಆ ಹಿರಿಯರನ್ನು ಕಂಡಂದಿನಿಂದ ಬೆಟ್ಟದ ಮೇಲೆ ನನ್ನ ನಿಷ್ಠೆ ಇಬ್ಭಾಗವಾಗಿದೆ. ಒಮ್ಮೆ ಮಂಜೇ ಇಲ್ಲದ ಬೆಳಗು. “ಏನೂ ಇಲ್ಲ ಗುರೂ” ಎಂದು ಪಕ್ಕದ ಹುಡುಗರು ಗೊಣಗುತ್ತ ಮ್ಯಾಗಿ ಹುಡುಕಿಕೊಂಡು ಹೊರಟರು. ಏನೂ ಇಲ್ಲದ ಕಡೆ ಕೆರೆಗಳಿದ್ದವು, ರೇಷ್ಮೆಗೆ ಹಿಪ್ಪುನೇರಳೆ ಹೊಲವಿತ್ತು, ಚೌಕಚೌಕವಾಗಿ ಚಪ್ಪರಗಳಿದ್ದವು. ಆ ಕೆರೆಗಳಲ್ಲಿ ಕೆಲವಕ್ಕೆ ಬರುವುದು ಬೆಂಗಳೂರಿನ ಬಚ್ಚಲು ನೀರು, ಶುದ್ಧೀಕರಿಸಿ ಪೈಪಿನಲ್ಲಿ ಕಳಿಸಿದ್ದು. ಸಾವಿರ ಅಡಿ ಕೊರೆದರೂ ಬೋರ್‌ವೆಲ್ ಕೈಕೊಡುವ ಸೀಮೆ, ಅದೂ ಬೇಕು. ನಾನು ಸ್ನಾನ ಮಾಡಿದ ನೀರು ನನಗಿಂತ ಮುಂಚೆ ಇಲ್ಲಿಗೆ ತಲುಪಿತ್ತೋ ಏನೋ.

ಮೋಡದ ಫೋಟೋಗಳನ್ನು ನಾನು ಊರಲ್ಲಿ ತೋಟ ನೋಡಿಕೊಳ್ಳುವ ತಮ್ಮನಿಗೆ ಕಳಿಸುತ್ತೇನೆ. ಅವನು ಹೆಬ್ಬೆರಳೊಂದನ್ನು ಒತ್ತಿ ಸುಮ್ಮನಾಗುತ್ತಾನೆ. ನೀಲಿ ಡ್ರಮ್ಮಿನ ಫೋಟೋ ಕಳಿಸಿದ ದಿನ ಮಾತ್ರ ತಾನೇ ಫೋನು ಮಾಡಿದ.

“ಅಣ್ಣಾ, ಅಲ್ಲಿ ಮೈಲುತುತ್ತ ಕೆಜಿಗೆ ಎಷ್ಟಂತೆ?”

ಕೇಳಿರಲಿಲ್ಲ.

“ಮುಂದಿನ ಸಲ ಅದನ್ನ ಕೇಳ್ಕೊಂಡು ಬಾ. ಮೋಡ ಇಲ್ಲೂ ಬೇಕಾದಷ್ಟು ಬರ್ತದೆ.”