ಪ್ರೋಟಾನ್ ಸಾವಿಗೆ ಕಾದ ಗಣಿ

ಈಗಿನ ಹುಡುಗರಿಗೆ ಕೆಜಿಎಫ್ ಎಂದರೆ 2018ರ ಸಿನಿಮಾ. ಅವರ ತಾತಂದಿರಿಗೆ ಚಿನ್ನದ ಗಣಿ. ನನಗೆ ಮಾತ್ರ ಆ ಹೆಸರು ಕೇಳಿದೊಡನೆ ನೆನಪಾಗುವುದು ಪ್ರೋಟಾನ್. ಕೋಲಾರದ ಆ ಗಣಿಯೊಳಗೆ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಿಜ್ಞಾನಿಗಳು ವರ್ಷಗಟ್ಟಲೆ ಅದರ ಸಾವಿಗಾಗಿ ಕಾದು ಕುಳಿತಿದ್ದರು.

ಶಾಲೆಯಲ್ಲಿ ಪರಮಾಣುವಿನ ಪಾಠ ಸಲೀಸಾಗಿ ಮುಗಿದುಹೋಗುತ್ತದೆ. ನಡುವೆ ಪ್ರೋಟಾನ್, ನ್ಯೂಟ್ರಾನ್, ಸುತ್ತ ಎಲೆಕ್ಟ್ರಾನ್. ಚಿತ್ರ ಬರೆದು ಹೆಸರು ಗುರುತಿಸಿದರೆ ಅಂಕ ಬಂತು. ಇವುಗಳಲ್ಲಿ ಯಾವುದು ಎಷ್ಟು ಕಾಲ ಬಾಳುತ್ತದೆ ಎಂದು ಯಾರೂ ಕೇಳುವುದಿಲ್ಲ. ನ್ಯೂಟ್ರಾನನ್ನು ಬೀಜಕೇಂದ್ರದಿಂದ ಹೊರಗೆ ಒಂಟಿಯಾಗಿ ಬಿಟ್ಟರೆ ಅದರ ಸರಾಸರಿ ಆಯುಷ್ಯ ಹದಿನೈದು ನಿಮಿಷಕ್ಕೂ ತುಸು ಕಡಿಮೆ. ಪ್ರೋಟಾನ್ ಹಾಗಲ್ಲ, ಅದಕ್ಕೆ ಸಾವೇ ಇಲ್ಲವೆಂದು ಬಹುಕಾಲ ನಂಬಿದ್ದರು.

ಆ ನಂಬಿಕೆಯನ್ನು ಅಲುಗಿಸಿದವರು ಜಾರ್ಜಿ ಮತ್ತು ಗ್ಲಾಶೋ. 1974ರಲ್ಲಿ ಅವರು ಮಂಡಿಸಿದ ಸಿದ್ಧಾಂತದ ಪ್ರಕಾರ ಪ್ರೋಟಾನ್ ಕೂಡ ಒಂದು ದಿನ ಒಡೆಯಲೇಬೇಕು. ಯಾವಾಗ? ಮುಂದೆ ಲೆಕ್ಕ ಹಾಕಿದವರಿಗೆ ಸಿಕ್ಕ ಆಯುಷ್ಯ, 1ರ ಮುಂದೆ ಮೂವತ್ತು ಮೂವತ್ತೊಂದು ಸೊನ್ನೆ ಬರೆದಷ್ಟು ವರ್ಷ. ವಿಶ್ವದ ವಯಸ್ಸೇ 1380 ಕೋಟಿ ವರ್ಷ. ಅಷ್ಟು ಕಾಲ ಕಾಯುವವರು ಯಾರು?

ಇಲ್ಲಿದೆ ನೋಡಿ ಉಪಾಯ. ನೂರು ವರ್ಷ ಬಾಳುವ ಒಂದು ತೆಂಗಿನಮರ ಎಂದು ಬಿದ್ದೀತೆಂದು ಕಾಯುವ ಬದಲು ಸಾವಿರ ಮರಗಳ ತೋಟ ನೋಡಿ. ವರ್ಷಕ್ಕೆ ಹತ್ತಾದರೂ ಬೀಳುತ್ತವೆ. (ಹೋಲಿಕೆ ಪೂರ್ತಿ ಸರಿಯಲ್ಲ. ತೆಂಗಿಗೆ ಮುಪ್ಪುಂಟು, ಪ್ರೋಟಾನಿಗೆ ಇಲ್ಲ. ಎಷ್ಟೇ ಹಳೆಯದಾದರೂ ಅದು ಇವತ್ತು ಸಾಯುವ ಸಂಭವ ಹೊಸದಕ್ಕಿದ್ದಷ್ಟೇ.) 140 ಟನ್ ಕಬ್ಬಿಣದಲ್ಲಿ ಪ್ರೋಟಾನ್, ನ್ಯೂಟ್ರಾನ್ ಸೇರಿ ಎಂಟರ ಮುಂದೆ 31 ಸೊನ್ನೆಯಷ್ಟು ಕಣಗಳಿವೆ. ಕಣವೊಂದರ ಆಯುಷ್ಯ 1ರ ಮುಂದೆ 31 ಸೊನ್ನೆಯಷ್ಟು ವರ್ಷವಾದರೆ, ವರ್ಷಕ್ಕೆ ಎಂಟು ಸಾವು!

ಕೋಲಾರದಲ್ಲಿ ಇಟ್ಟದ್ದು ಸುಮಾರು ಅಷ್ಟೇ ತೂಕದ ಉಪಕರಣ. ಅನಿಲ ತುಂಬಿದ ಕಬ್ಬಿಣದ ಕೊಳವೆಗಳನ್ನು ಸಾಲು ಸಾಲಾಗಿ ಅಡ್ಡಡ್ಡ ಪೇರಿಸಿದ್ದರು. ನೆಲದ ಮೇಲಾದರೆ ವಿಶ್ವಕಿರಣಗಳ ಮಳೆಯಲ್ಲಿ ಈ ಸಣ್ಣ ಸದ್ದು ಕೇಳದು. ಆದ್ದರಿಂದಲೇ ತಲೆಯ ಮೇಲೆ ಅಷ್ಟು ಬಂಡೆ. ಆ ಜಾಗದ ಬೆಲೆ ಮೊದಲೇ ಗೊತ್ತಿತ್ತು. ಅದೇ ಗಣಿಯಲ್ಲಿ 1965ರಲ್ಲಿ ಮುಂಬಯಿಯ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನವರು ಸೇರಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣದ ಗುರುತು ಹಿಡಿದಿದ್ದರು. ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿ ಇದೇ ಕೆಲಸ ಮಾಡಿದ ತಂಡಕ್ಕಿಂತ ಎರಡು ವಾರ ಮುಂಚೆ ಇವರ ಪ್ರಬಂಧ ಅಚ್ಚಾಯಿತು. ಬರೆದವರಲ್ಲಿ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಒಬ್ಬರು.

ಪ್ರೋಟಾನ್ ಪ್ರಯೋಗ ಶುರುವಾದದ್ದು 1980ರಲ್ಲಿ. ಮರುವರ್ಷವೇ, ಪ್ರೋಟಾನ್ ಸತ್ತದ್ದಿರಬಹುದು ಎನ್ನುವಂಥ ಕೆಲವು ಗುರುತುಗಳು ಸಿಕ್ಕವು. ಭೌತವಿಜ್ಞಾನಿಗಳಲ್ಲಿ ದೊಡ್ಡ ಸಂಚಲನ. ನಿಜವಾಗಿದ್ದರೆ ಜಗತ್ತಿನ ವಸ್ತುವೆಲ್ಲ ಕೊನೆಗೆ ಕರಗಿಹೋಗುವಂಥದ್ದೆಂದು ಸಾಬೀತಾದಂತೆ. ಅದೂ ನಮ್ಮ ಕೋಲಾರದಲ್ಲಿ. ಆದರೆ ಅಮೆರಿಕ ಮತ್ತು ಜಪಾನಿನಲ್ಲಿ ಸಾವಿರಾರು ಟನ್ ನೀರಿನ ತೊಟ್ಟಿಗಳು ಎದ್ದವು. ಅಲ್ಲಿ ಅಂಥ ಸಾವು ಕಾಣಲಿಲ್ಲ. ಕೋಲಾರದ ಗುರುತುಗಳು ನ್ಯೂಟ್ರಿನೊಗಳ ಕೆಲಸವಿರಬೇಕೆಂದು ಬಹುಪಾಲು ಜನ ತೀರ್ಮಾನಿಸಿದರು. ನನಗೇಕೋ ಈ ನಿರಾಸೆಯ ಭಾಗವೇ ಹೆಚ್ಚು ಇಷ್ಟ. ಸೆಖೆಯ ಸುರಂಗದಲ್ಲಿ ಕೂತವರು ಕಂಡದ್ದನ್ನು ಬಚ್ಚಿಡಲಿಲ್ಲ, ಪರೀಕ್ಷೆಗೆ ಒಡ್ಡಿದರು.

ಜಪಾನಿನ ತೊಟ್ಟಿಯ ಕಥೆ ಇನ್ನೂ ಸೊಗಸು. ಪ್ರೋಟಾನ್ ಸಾವು ನೋಡಲೆಂದೇ ಕಟ್ಟಿದ ಕಾಮಿಯೊಕಾಂಡೆಗೆ 1987ರಲ್ಲಿ ಸಿಕ್ಕದ್ದು, ದೂರದ ನಕ್ಷತ್ರವೊಂದು ಸಿಡಿದಾಗ ಹೊರಟ ನ್ಯೂಟ್ರಿನೊಗಳು. ಅದಕ್ಕೆ ಕೊಶಿಬಾ ಅವರಿಗೆ 2002ರಲ್ಲಿ ನೊಬೆಲ್ ಬಂತು.

ಕೋಲಾರದ ಗಣಿ 2001ರಲ್ಲಿ ಮುಚ್ಚಿತು. 50,000 ಟನ್ ನೀರಿನ ಸೂಪರ್ ಕಾಮಿಯೊಕಾಂಡೆ 1996ರಿಂದ ನೋಡಿದ್ದರ ಮೇಲೆ ಪ್ರೋಟಾನಿನ ಆಯುಷ್ಯ 1ರ ಮುಂದೆ 34 ಸೊನ್ನೆಗಿಂತಲೂ ಹೆಚ್ಚೆಂದು ಹೇಳುತ್ತಾರೆ. ಪರೀಕ್ಷೆಯಲ್ಲಿ ‘ಪ್ರೋಟಾನ್ ಸ್ಥಿರ ಕಣ’ ಎಂದೇ ಬರೆಯಿರಿ, ಅಂಕ ಹೋಗದು. ಜಪಾನಿನಲ್ಲಿ ಮಾತ್ರ, 2020ರಲ್ಲಿ, ಅದಕ್ಕಿಂತಲೂ ದೊಡ್ಡ ತೊಟ್ಟಿ ಕಟ್ಟಲು ತೊಡಗಿದರು.