ಇಪ್ಪತ್ತೈದರಿಂದ ಐವತ್ತಕ್ಕೆ

ನಾನು ಪಾಠ ಹೇಳಲು ಬಂದ ಕಾಲಕ್ಕೆ ಒಂದು ವಿಷಯಕ್ಕೆ 125 ಅಂಕ. ಅದರಲ್ಲಿ ನೂರು ಬೆಳಗಾವಿಯದು, 25 ನಮ್ಮದು. ಬೆಳಗಾವಿ ಎಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಎಲ್ಲರ ಬಾಯಲ್ಲಿ ವಿಟಿಯು. 1998ರಲ್ಲಿ ಅದು ಶುರುವಾಗುವ ತನಕ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳು ಬೆಂಗಳೂರು ವಿಶ್ವವಿದ್ಯಾಲಯಕ್ಕೆ, ಮೈಸೂರಿನವು ಮೈಸೂರಿಗೆ, ಹುಬ್ಬಳ್ಳಿಯವು ಧಾರವಾಡಕ್ಕೆ ಸೇರಿದ್ದವು. ಆಮೇಲೆ ಬೀದರಿನ ಹುಡುಗನಿಗೂ ಮೈಸೂರಿನ ಹುಡುಗಿಗೂ ಒಂದೇ ದಿನ ಒಂದೇ ಪ್ರಶ್ನೆಪತ್ರಿಕೆ. ನಮ್ಮ ಕೈಯಲ್ಲಿ ಉಳಿದದ್ದು ಆ 25 ಮಾತ್ರ. ಈಗ ನೂರಕ್ಕೆ 50 ಅಂಕ ಕಾಲೇಜಿನ ಕೈಯಲ್ಲೇ ಇದೆ. ಇಪ್ಪತ್ತೈದರಿಂದ ಐವತ್ತಕ್ಕೆ ಬರುವಷ್ಟರಲ್ಲಿ, ವಿದ್ಯಾರ್ಥಿ ಬರೆದದ್ದನ್ನು ಕೂತು ಓದುವ ಹೊತ್ತು ಹೇಗೆ ಕರಗುತ್ತ ಬಂತು ಎಂಬುದನ್ನು ಉತ್ತರಹಳ್ಳಿಯಲ್ಲೇ ಇದ್ದು ನೋಡಿದವಳು ನಾನು.

ಆಗಿನ ಉತ್ತರಹಳ್ಳಿ ಬೆಂಗಳೂರು ದಕ್ಷಿಣ ತಾಲ್ಲೂಕಿನ ಒಂದು ಹೋಬಳಿ ಊರು. ಕೆಂಗೇರಿ ಕಡೆಗೆ ಹೋಗುವ ರಸ್ತೆಗೆ ಈಗ ಡಾ. ವಿಷ್ಣುವರ್ಧನ್ ಅವರ ಹೆಸರಿದೆ. ಆಗ ಅದು ಬರೀ ಕೆಂಗೇರಿ ರಸ್ತೆ. ಅರೇಹಳ್ಳಿ ದಾಟಿದರೆ ಹೊಲ, ನೀಲಗಿರಿ ತೋಪು. 1997ರಲ್ಲಿ ಆ ರಸ್ತೆಯ ಮೇಲೆ ಜೆಎಸ್‌ಎಸ್‌ನವರ ತಾಂತ್ರಿಕ ಕಾಲೇಜು ಬಂತು, 2001ರಲ್ಲಿ ಚನ್ನಸಂದ್ರದಲ್ಲಿ ಆರ್‌ಎನ್‌ಎಸ್ ಶುರುವಾಯಿತು. ಅತ್ತ ಕನಕಪುರ ರಸ್ತೆಯಲ್ಲಿ, ಇತ್ತ ರಾಜರಾಜೇಶ್ವರಿ ನಗರದಲ್ಲಿ, ಬನಶಂಕರಿ ಎರಡನೇ ಹಂತದಲ್ಲಿ ಇನ್ನಷ್ಟು. ಕಾಲೇಜುಗಳ ಹಿಂದೆಯೇ ಪಿಜಿಗಳು ಬಂದವು, ಮೆಸ್ಸುಗಳು ಬಂದವು, ಜೆರಾಕ್ಸ್ ಅಂಗಡಿಗಳು ಬಂದವು. ಹಸು ಕಟ್ಟುತ್ತಿದ್ದ ಜಾಗದಲ್ಲಿ ಮೂರು ಮಹಡಿ ಎಬ್ಬಿಸಿ ಹುಡುಗರಿಗೆ ರೂಮು ಬಾಡಿಗೆ ಕೊಟ್ಟ ಮನೆಗಳು ಈ ಊರಲ್ಲಿ ಬೇಕಾದಷ್ಟಿವೆ. ಆ ಮನೆಯವರಿಗೂ ಕಾಲೇಜಿನ ಟೆಸ್ಟುಗಳಾದ ಇಂಟರ್ನಲ್ಸ್ ಯಾವಾಗ, ರಿಸಲ್ಟ್ ಯಾವಾಗ ಎಂಬುದು ಗೊತ್ತಿರುತ್ತಿತ್ತು.

ಆ 25 ಅಂಕ ಹುಟ್ಟುತ್ತಿದ್ದದ್ದು ಬ್ಲೂ ಬುಕ್ಕಿನಲ್ಲಿ. ನೀಲಿ ರಟ್ಟಿನ ತೆಳು ಪುಸ್ತಕ, ವಿಷಯಕ್ಕೊಂದು. ಸೆಮಿಸ್ಟರಿಗೆ ಮೂರು ಟೆಸ್ಟು, ಮೂರನ್ನೂ ಅದೇ ಪುಸ್ತಕದಲ್ಲಿ ಒಂದರ ಹಿಂದೊಂದು ಬರೆಯಬೇಕು. ಒಳ್ಳೆಯ ಎರಡರ ಸರಾಸರಿಯೇ ಅಂತಿಮ ಅಂಕ. ಈ ಏರ್ಪಾಟಿನ ಬೆಲೆ ನನಗೆ ಕಂಡದ್ದು ತಿದ್ದುವಾಗ. ಮೂರನೇ ಟೆಸ್ಟು ತಿದ್ದಲು ಪುಸ್ತಕ ತೆರೆದರೆ ಎಡಗೈಯಲ್ಲಿ ಮೊದಲನೆಯದು ಸಿಗುತ್ತಿತ್ತು. ಆಗ ಆಪ್ ಆಂಪ್ ಅಂದರೇನು ಎಂದೇ ಗೊತ್ತಿಲ್ಲದೆ ಚೌಕ ಬರೆದು ಬಿಟ್ಟವಳು ಈಗ ಫೀಡ್‌ಬ್ಯಾಕ್ ಎಲ್ಲಿಂದ ತೆಗೆಯಬೇಕು ಎಂದು ಬಾಣ ಹಾಕಿ ತೋರಿಸಿದ್ದಾಳೆ. ಅಂಕದ ಲೆಕ್ಕಕ್ಕೆ ಅದು ಬರುತ್ತಿರಲಿಲ್ಲ, ಆದರೆ ನಾನು ಅವಳ ಪುಸ್ತಕದ ಅಂಚಿನಲ್ಲಿ ಎರಡು ಸಾಲು ಬರೆಯುತ್ತಿದ್ದೆ. ಕೆಂಪು ಪೆನ್ನಿನಲ್ಲಿ ಬೈಗುಳ ಮಾತ್ರ ಬರುತ್ತದೆ ಎಂದುಕೊಂಡ ಹುಡುಗರು ಅದನ್ನು ಪಕ್ಕದವರಿಗೆ ತೋರಿಸುವುದನ್ನು ನೋಡಿದ್ದೇನೆ. ಹೆಸರು ನೋಡದೆ ಕೈಬರಹದಲ್ಲೇ ಇದು ಇಂಥವರದು ಎಂದು ಹೇಳಬಲ್ಲಷ್ಟು ಓದುತ್ತಿದ್ದೆವು.

ಪುಸ್ತಕ ಹಿಂದಿರುಗಿಸುವ ಪೀರಿಯಡ್ಡಿನಲ್ಲಿ ಪಾಠ ನಡೆಯುತ್ತಿರಲಿಲ್ಲ. "ಮ್ಯಾಮ್, ಇಲ್ಲಿ ಅರ್ಧ ಮಾರ್ಕ್ಸ್ ಬಿಟ್ಟಿದ್ದೀರ," ಎಂದು ಒಬ್ಬ, "ಅವನದೂ ನನ್ನದೂ ಒಂದೇ ಆನ್ಸರ್ ಮ್ಯಾಮ್," ಎಂದು ಇನ್ನೊಬ್ಬಳು. ಆ ಜಗಳ ನನಗೆ ಇಷ್ಟ. ಯಾಕೆ ಕೊಟ್ಟೆ, ಯಾಕೆ ಕೊಡಲಿಲ್ಲ ಎಂದು ಎದುರಿಗೆ ನಿಂತು ಹೇಳಲೇಬೇಕು. ಕೊನೆಗೆ ಅಂಕಪಟ್ಟಿ ನೋಟಿಸ್ ಬೋರ್ಡಿಗೆ ಹೋಗಿ, ಪ್ರತಿಯೊಬ್ಬರೂ ತಮ್ಮ ಹೆಸರಿನ ಮುಂದೆ ಸಹಿ ಹಾಕಿದ ಮೇಲೆಯೇ ವಿಟಿಯುಗೆ ಹೋಗುತ್ತಿತ್ತು.

ಸೆಮಿಸ್ಟರ್ ಪರೀಕ್ಷೆಯ ಜಾಣ್ಮೆ ಬೇರೆ ಥರದ್ದು. ವಿಟಿಯು ಪಠ್ಯಕ್ರಮದ 2006ರ, 2010ರ ಸ್ಕೀಮುಗಳಲ್ಲಿ ಎಂಟು ಯೂನಿಟ್ಟು, ಎಂಟು ಪ್ರಶ್ನೆ. ಎರಡು ಭಾಗಗಳಿಂದ ಕನಿಷ್ಠ ಎರಡೆರಡು ಆಯ್ದು ಐದಕ್ಕೆ ಉತ್ತರಿಸಿದರೆ ಸಾಕು. ಹಾಗಾಗಿ ಮೂರು ಯೂನಿಟ್ಟುಗಳನ್ನು ಕಣ್ಣೆತ್ತಿಯೂ ನೋಡದೆ ಎಂಜಿನಿಯರ್ ಆದವರಿದ್ದಾರೆ. 2015ರಲ್ಲಿ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ (ಸಿಬಿಸಿಎಸ್) ಬಂದಾಗ ಐದು ಮಾಡ್ಯೂಲು, ಮಾಡ್ಯೂಲಿಗೆ ಎರಡು ಪ್ರಶ್ನೆ, ಒಂದನ್ನು ಬರೆಯಲೇಬೇಕು ಎಂದಾಯಿತು. ಒಳ್ಳೆಯ ಬದಲಾವಣೆ ಅದು. ಆದರೆ ಅದೇ ಸ್ಕೀಮು ಕಾಲೇಜಿನ ಪಾಲನ್ನು ನೂರಕ್ಕೆ 20 ಮಾಡಿ, ಪರೀಕ್ಷೆಯದನ್ನು 80 ಮಾಡಿತು. ಎರಡೇ ವರ್ಷಕ್ಕೆ, 2017ರಲ್ಲಿ, 40 ಮತ್ತು 60. 2021ರ ಸ್ಕೀಮಿಗೆ 50-50. ಮಕ್ಕಳು ಪರೀಕ್ಷೆ ಹಾಲಿನಲ್ಲಿ ಈಗಲೂ ನೂರು ಅಂಕಕ್ಕೇ ಬರೆಯುತ್ತಾರೆ, ಅದನ್ನು ಅರ್ಧಕ್ಕೆ ಇಳಿಸುತ್ತಾರೆ.

ಲ್ಯಾಬ್ ರೆಕಾರ್ಡಿನ ಕಥೆ ಜೆರಾಕ್ಸ್ ಅಂಗಡಿ ಇಲ್ಲದೆ ಪೂರ್ತಿಯಾಗುವುದಿಲ್ಲ. ಉತ್ತರಹಳ್ಳಿ ಮುಖ್ಯರಸ್ತೆಯ ಅಂಗಡಿಯೊಂದರಲ್ಲಿ ಹಿಂದಿನ ವರ್ಷದವರ ರೆಕಾರ್ಡುಗಳ ಮೂಲಪ್ರತಿಯೇ ಇರುತ್ತಿತ್ತು. ಬ್ರಾಂಚ್ ಹೇಳಿದರೆ ಸಾಕು, ಅಂಗಡಿಯವರು ಮೇಲಿನ ಸಾಲಿನಿಂದ ಎಳೆದು ಕೊಡುತ್ತಿದ್ದರು. ಅಬ್ಸರ್ವೇಷನ್ ಬುಕ್ಕಿನಲ್ಲಿ ಲ್ಯಾಬಿನೊಳಗೇ ಗೀಚಿದ ರೀಡಿಂಗುಗಳಿರುತ್ತವೆ. ರೆಕಾರ್ಡು ಅದರ ಚೊಕ್ಕ ಪ್ರತಿ ಆಗಬೇಕು. ಆದದ್ದು ಮಾತ್ರ ಸೀನಿಯರ್‌ಗಳ ಚೊಕ್ಕ ಪ್ರತಿಯ ಪ್ರತಿ. ಗ್ರಾಫ್ ಶೀಟಿನ ಮೇಲೆ ಡಯೋಡಿನ ಗೆರೆ ಮೂವತ್ತು ರೆಕಾರ್ಡುಗಳಲ್ಲಿ ಒಂದೇ ಜಾಗದಲ್ಲಿ ಮೇಲೇಳುತ್ತಿತ್ತು. ಹಾಗಾಗಿ ನಮ್ಮ ಲ್ಯಾಬಿನಲ್ಲಿ ಕೆಲವರು ಅಬ್ಸರ್ವೇಷನ್ ಬುಕ್ಕಿಗೇ ಅಂಕ ಕೊಡಲು ಶುರುಮಾಡಿದೆವು. ಹೊಡೆದುಹಾಕಿದ ಸಂಖ್ಯೆಗಳು, ಸಾಲ್ಡರಿನ ಕಲೆ, ಮರೆತುಹೋಗಿ ಅಂಚಿನಲ್ಲಿ ಸೇರಿಸಿದ ಯೂನಿಟ್ಟು ಎಲ್ಲ ಅದರಲ್ಲಿ ಕಾಣುತ್ತಿದ್ದವು. ಕಲಿತ ಗುರುತು ಅಲ್ಲೇ ಇತ್ತು.

ಲ್ಯಾಬ್ ಪರೀಕ್ಷೆಗೆ ಚೀಟಿ ಎತ್ತಬೇಕು, ಬಂದ ಪ್ರಯೋಗ ಮಾಡಬೇಕು, ಕೊನೆಗೆ ವೈವಾ. 2018ರ ಸ್ಕೀಮಿನಲ್ಲಿ ಬರವಣಿಗೆಗೆ 15, ಪ್ರಯೋಗಕ್ಕೆ 70, ವೈವಾಕ್ಕೆ 15 ಎಂದು ಹಂಚಿದ್ದರು. ಚೀಟಿ ಬದಲಿಸಿದರೆ ಬರವಣಿಗೆಯ 15 ಪೂರ್ತಿ ಹೋಯಿತು. ಈಚಿನ ಸ್ಕೀಮುಗಳಲ್ಲಿ ಅದು 20, 60, 20. ಈ ಹಂಚಿಕೆ ಬರುವುದಕ್ಕೂ ಬಹಳ ಮುಂಚೆ ನಡೆದದ್ದೊಂದನ್ನು ಹೇಳಬೇಕು. ಪಾವಗಡ ಕಡೆಯ ಹುಡುಗನೊಬ್ಬ, ಕನ್ನಡ ಮಾಧ್ಯಮದಲ್ಲಿ ಓದಿ ಬಂದವನು, ಬ್ಲೂ ಬುಕ್ಕಿನಲ್ಲಿ 25ಕ್ಕೆ 9, 10 ದಾಟುತ್ತಿರಲಿಲ್ಲ. ಲ್ಯಾಬ್ ಪರೀಕ್ಷೆಯಲ್ಲಿ ಆಂಪ್ಲಿಫೈಯರ್ ಬಂತು. ಸರ್ಕ್ಯೂಟು ಕಟ್ಟಿದ, ಸಿಗ್ನಲ್ ಬರಲಿಲ್ಲ, ಬ್ರೆಡ್‌ಬೋರ್ಡಿನ ಸಡಿಲ ಸಾಲು ಹುಡುಕಿ ಸರಿಮಾಡಿದ, ಸಿಆರ್‌ಒ ಮೇಲೆ ಅಲೆ ನಿಂತಿತು. ವೈವಾಕ್ಕೆ ಕೂತಾಗ ಇಂಗ್ಲಿಷಿನ ಪ್ರಶ್ನೆಗೆ ಬಾಯಿ ಕಟ್ಟಿತು. ಬೇರೆ ಕಾಲೇಜಿನಿಂದ ಬಂದಿದ್ದ ಎಕ್ಸ್‌ಟರ್ನಲ್, ಹಿರಿಯರು, ಪೆನ್ನು ಕೆಳಗಿಟ್ಟು, "ಕನ್ನಡದಲ್ಲೇ ಹೇಳಪ್ಪ, ಆ ಕೆಪಾಸಿಟರ್ ತೆಗೆದರೆ ಏನಾಗುತ್ತೆ?" ಎಂದರು. ಹುಡುಗ ಹೇಳಿದ್ದಷ್ಟೇ ಅಲ್ಲ, ಎದ್ದುಹೋಗಿ ಕೆಪಾಸಿಟರ್ ಕಿತ್ತು, ಗೇನ್ ಬಿದ್ದದ್ದನ್ನು ತೋರಿಸಿದ. ಪ್ರಶ್ನೆಗಳು ಮುಂದುವರಿದವು, ಉತ್ತರವೂ ಮುಂದುವರಿಯಿತು. ಆ ಬ್ಯಾಚಿನಲ್ಲಿ ಲ್ಯಾಬಿಗೆ ಅತಿ ಹೆಚ್ಚು ಅಂಕ ಅವನಿಗೇ ಬಂದವು. ಮೂರು ಗಂಟೆಯ ಲಿಖಿತ ಪರೀಕ್ಷೆ ಅವನಲ್ಲಿ ಕಾಣದೇ ಹೋದದ್ದನ್ನು ಆ ಹತ್ತು ನಿಮಿಷದ ಮಾತು ಕಂಡಿತ್ತು.

ವ್ಯಾಲ್ಯುಯೇಷನ್ ಬದಲಾದದ್ದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ರಜೆಯಲ್ಲಿ ಕೇಂದ್ರಕ್ಕೆ ಹೋಗಿ, ಬಂಡಲ್ ಬಿಚ್ಚಿ, ಉದ್ದ ಮೇಜಿನ ಸುತ್ತ ಕೂತು ತಿದ್ದುತ್ತಿದ್ದೆವು. ಯಾರದೋ ವಿಚಿತ್ರ ಉತ್ತರ ಸಿಕ್ಕರೆ ಪಕ್ಕದವರಿಗೆ ತೋರಿಸಿ, ಇದು ಸರಿಯೇ ಎಂದು ಚರ್ಚೆ ನಡೆಯುತ್ತಿತ್ತು. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ತಿದ್ದಿದ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಮಾಹಿತಿ ಹಕ್ಕು ಕಾಯ್ದೆಯ ಕೆಳಗೆ ಬರೆದವರಿಗಿದೆ ಎಂದು ತೀರ್ಪು ಕೊಟ್ಟಿತು. ಸಿಬಿಎಸ್‌ಇಗೆ ಸಂಬಂಧಿಸಿದ ಮೊಕದ್ದಮೆ ಅದು, ಆದರೆ ಅದರ ಬಿಸಿ ಎಲ್ಲ ವಿಶ್ವವಿದ್ಯಾಲಯಗಳಿಗೂ ತಟ್ಟಿತು. ಉತ್ತರಪತ್ರಿಕೆಯ ಫೋಟೊಕಾಪಿ ಕೈಯಲ್ಲಿ ಹಿಡಿದು "ಇಲ್ಲಿ ಸ್ಟೆಪ್ ಮಾರ್ಕ್ಸ್ ಯಾಕಿಲ್ಲ" ಎಂದು ಕೇಳುವ ಮಕ್ಕಳು ಬಂದರು, ಬರಲೇಬೇಕಿತ್ತು. ಆಮೇಲೆ ಉತ್ತರಪತ್ರಿಕೆಗಳು ಸ್ಕ್ಯಾನ್ ಆಗಿ ಕಂಪ್ಯೂಟರಿನ ಪರದೆಗೆ ಬಂದವು. ಕೂಡಿಸುವ ತಪ್ಪು ಇಲ್ಲವಾಯಿತು, ಬಿಟ್ಟುಹೋದ ಪುಟವನ್ನು ಯಂತ್ರವೇ ನೆನಪಿಸುತ್ತದೆ. ಪಕ್ಕದವರ ಜೊತೆಗಿನ ಚರ್ಚೆಯೂ ಅಲ್ಲಿಗೆ ನಿಂತಿತು.

ಕಾಲೇಜಿನ ಪಾಲು ಏರುತ್ತಿದ್ದ ವರ್ಷಗಳಲ್ಲೇ ಕೋಷ್ಟಕಗಳೂ ಬಂದವು. 2014ರ ಜೂನಿನಲ್ಲಿ ಭಾರತ ವಾಷಿಂಗ್ಟನ್ ಅಕಾರ್ಡಿನ ಪೂರ್ಣ ಸದಸ್ಯ ಆಯಿತು. ಆ ಒಪ್ಪಂದದ ಕೆಳಗೆ ನಮ್ಮ ಎಂಜಿನಿಯರಿಂಗ್ ಪದವಿಗೆ ಅಮೆರಿಕ, ಬ್ರಿಟನ್‌ಗಳಲ್ಲಿ ಸಮಾನ ಮನ್ನಣೆ ಸಿಗಲು ರಾಷ್ಟ್ರೀಯ ಮಾನ್ಯತಾ ಮಂಡಳಿಯ, ಅಂದರೆ ಎನ್‌ಬಿಎ ಮಾನ್ಯತೆ ಬೇಕು. ಎನ್‌ಬಿಎಗೆ ಬೇಕಾದದ್ದು ಕಲಿಕೆಯ ಫಲಿತಾಂಶದ ಲೆಕ್ಕ. ಅಂದಿನಿಂದ ಪ್ರತಿ ಟೆಸ್ಟಿನ ಪ್ರತಿ ಪ್ರಶ್ನೆಗೂ ಅದು ಯಾವ ಕೋರ್ಸ್ ಫಲಿತಾಂಶಕ್ಕೆ (ಸಿಒ), ಯಾವ ಪದವಿ ಫಲಿತಾಂಶಕ್ಕೆ (ಪಿಒ) ಸೇರುತ್ತದೆ, ಬ್ಲೂಮ್ಸ್ ಕಲಿಕಾ ಹಂತಗಳಲ್ಲಿ ಎಲ್1 ಇದೆಯೋ ಎಲ್3 ಇದೆಯೋ ಎಂದು ಪಕ್ಕದಲ್ಲಿ ಬರೆಯಬೇಕು. ಪ್ರಶ್ನೆವಾರು ಅಂಕ ಎಕ್ಸೆಲ್‌ಗೆ ಹಾಕಬೇಕು, ಅಟೇನ್‌ಮೆಂಟ್ ಲೆಕ್ಕ ತೆಗೆಯಬೇಕು, ಫೈಲು ಮಾಡಬೇಕು. ಇದರ ಹಿಂದಿನ ವಿಚಾರದ ಬಗ್ಗೆ ನನಗೆ ತಕರಾರಿಲ್ಲ. ಬರೀ ವ್ಯಾಖ್ಯೆ ಕೇಳುವ ಪ್ರಶ್ನೆಗಳು ಕಡಿಮೆಯಾದದ್ದು ಇದರಿಂದಲೇ. ಆದರೆ ತಿದ್ದಿ ಮುಗಿದ ಮೇಲಿನ ಕೆಲಸ ತಿದ್ದುವ ಕೆಲಸಕ್ಕಿಂತ ದೊಡ್ಡದಾಯಿತು. ಅಂಚಿನಲ್ಲಿ ಎರಡು ಸಾಲು ಬರೆಯುವ ರೂಢಿ ಮೊದಲು ಬಿಟ್ಟುಹೋದದ್ದು ಆಗ. ಆ ಎರಡು ಸಾಲಿಗೆ ಯಾವ ಕೋಷ್ಟಕದಲ್ಲೂ ಮನೆಯಿಲ್ಲ.

2020 ಬಂತು. ಬ್ಲೂ ಬುಕ್ಕು ಮಕ್ಕಳ ಮನೆಯಲ್ಲೇ ಉಳಿಯಿತು. ಉತ್ತರ ಬರೆದು ಫೋನಿನಲ್ಲಿ ಫೋಟೊ ತೆಗೆದು ಪಿಡಿಎಫ್ ಮಾಡಿ ಕಳಿಸಬೇಕು. ಅದಕ್ಕೆ ಎಲ್ಲರೂ ನೆಚ್ಚಿದ್ದ ಕ್ಯಾಮ್‌ಸ್ಕ್ಯಾನರ್ ಜೂನ್ ಕೊನೆಗೆ ಚೀನಾದ 59 ಆ್ಯಪುಗಳ ಪಟ್ಟಿಯಲ್ಲಿ ಸೇರಿ ನಿಷೇಧವಾಯಿತು. ಕೊನೆಯ ವರ್ಷದವರನ್ನು ಬಿಟ್ಟು ಉಳಿದವರಿಗೆ ಪರೀಕ್ಷೆಯಿಲ್ಲ, ಇಂಟರ್ನಲ್ಸ್ ಅರ್ಧ, ಹಿಂದಿನ ಸೆಮಿಸ್ಟರಿನ ಅಂಕ ಅರ್ಧ ಎಂದು ತೀರ್ಮಾನವಾಯಿತು. ಮೇಷ್ಟ್ರ ಕೈಯ ಅಂಕಕ್ಕೆ ಅಷ್ಟು ತೂಕ ಅದುವರೆಗೆ ಎಂದೂ ಬಂದಿರಲಿಲ್ಲ. ಊರಿಗೆ ಹೋದ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಮಹಡಿ ಹತ್ತಿ, ತೋಟದ ಬದುವಿಗೆ ಹೋಗಿ ವೈವಾ ಕೊಟ್ಟರು. ಹಿಂದೆ ಕೋಳಿ ಕೂಗುವುದು ಕೇಳುತ್ತಿತ್ತು, ಉತ್ತರವೂ ಕೇಳುತ್ತಿತ್ತು. ಆ ವರ್ಷ ಯಾರಿಗೆ ಏನು ಗೊತ್ತು ಎಂದು ನನಗೆ ನಂಬಿಕೆ ಬಂದದ್ದು ಆ ಮಾತುಗಳಿಂದ ಮಾತ್ರ, ಪಿಡಿಎಫ್‌ನಿಂದ ಅಲ್ಲ.

ಬಿ.ಎ., ಬಿ.ಕಾಂ. ಓದುವವರ ಪಾಡೂ ಬೇರೆಯಲ್ಲ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಹೆಸರಿನಲ್ಲಿ 60 ಪರೀಕ್ಷೆಗೆ, 40 ಇಂಟರ್ನಲ್ಸ್‌ಗೆ ಎಂದಾಯಿತು. 2024ರಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಆಯೋಗದ ಮಧ್ಯಂತರ ವರದಿಯ ಮೇಲೆ ಅದು 80, 20 ಆಯಿತು. ನಮ್ಮ ಬೀದಿಯ ಒಂದೇ ಮನೆಯಲ್ಲಿ ಅಕ್ಕನದು ಒಂದು ಲೆಕ್ಕ, ತಂಗಿಯದು ಇನ್ನೊಂದು. ಅನುಪಾತ ಹೀಗೆ ಅತ್ತಿಂದಿತ್ತ ಓಡಾಡುತ್ತಲೇ ಇದೆ. ಇಂಟರ್ನಲ್ಸ್ ಅಂಕ ಕೊಡುವವರು ಮಕ್ಕಳ ಬರಹವನ್ನು ಓದುವಷ್ಟು ಬಿಡುವಿನಲ್ಲಿದ್ದಾರೆಯೇ ಎಂಬ ಪ್ರಶ್ನೆ ಮಾತ್ರ ಯಾವ ಸುತ್ತೋಲೆಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಪ್ರಾಜೆಕ್ಟ್ ರಿಪೋರ್ಟಿಗೆ ಬರುತ್ತೇನೆ. ಕೊನೆಯ ಸೆಮಿಸ್ಟರಿನಲ್ಲಿ ಎಸ್‌ಪಿ ರೋಡಿಗೆ ಹೋಗಿ ಬಿಡಿಭಾಗ ತಂದು, ರಾತ್ರಿಯೆಲ್ಲ ಕೂತು ಓಡಿಸುವವರು ಒಂದು ಕಡೆ. ಊರಲ್ಲೆಲ್ಲ ಬೋರ್ಡು ಹಾಕಿಕೊಂಡ ಪ್ರಾಜೆಕ್ಟ್ ಸೆಂಟರುಗಳಿಂದ ಸಿದ್ಧ ಪೆಟ್ಟಿಗೆ ತರುವವರು ಇನ್ನೊಂದು ಕಡೆ. ರಿಪೋರ್ಟು ಇಬ್ಬರದೂ ಒಂದೇ ಅಂಗಡಿಯಲ್ಲಿ ಹಾರ್ಡ್ ಬೈಂಡಾಗಿ, ಚಿನ್ನದ ಬಣ್ಣದ ಅಕ್ಷರ ಹೊತ್ತು ಬರುತ್ತಿತ್ತು. ಯುಜಿಸಿಯ 2018ರ ನಿಯಮ ಶೇಕಡಾ ಹತ್ತರವರೆಗಿನ ಹೋಲಿಕೆಗೆ ದಂಡವಿಲ್ಲ ಎಂದಿತು. ಅಲ್ಲಿಂದ ಹೋಲಿಕೆಯ ಶೇಕಡಾವಾರು ತೋರಿಸುವ ಹಾಳೆಯೂ ರಿಪೋರ್ಟಿನ ಹಿಂದೆ ಬೈಂಡಾಯಿತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಆ ಹಾಳೆಯಲ್ಲಿ ಶೇಕಡಾ ಎರಡೋ ಮೂರೋ ಇರುತ್ತದೆ. ಅಸೈನ್‌ಮೆಂಟುಗಳ ಇಂಗ್ಲಿಷು ಒಂದೇ ವಾರದಲ್ಲಿ ಎಲ್ಲರದೂ ನುಣುಪಾಯಿತು, ಯಾರ ದನಿಯೂ ಅದರಲ್ಲಿ ಇಲ್ಲ. ಬರೆದವರು ಯಾರು ಎಂದು ಹಾಳೆಯನ್ನು ನೋಡಿ ಹೇಳುವ ಕಾಲ ಹೋಯಿತು ಎಂದೇ ನನ್ನ ಎಣಿಕೆ. ಯಂತ್ರದ ಬರಹ ಪತ್ತೆಹಚ್ಚುವ ಸಾಫ್ಟ್‌ವೇರಿನ ಮಾತು ನಂಬಿ ಮಗುವಿನ ಅಂಕ ಕಡಿಯಲು ನನಗೆ ಮನಸ್ಸಿಲ್ಲ. ಚೆನ್ನಾಗಿ ಬರೆಯುವವಳ ಮೇಲೂ ಅದು ಅನುಮಾನ ಹಾಕುತ್ತದೆ.

ಕೇಳುವುದೊಂದೇ ದಾರಿ. ನಮ್ಮ ವಿಭಾಗದ ಕಿರಿಯ ಸಹೋದ್ಯೋಗಿಯೊಬ್ಬಳು ಈ ದಾರಿ ಹಿಡಿದಿದ್ದಾಳೆ. ಅಸೈನ್‌ಮೆಂಟು ಹೇಗೆ ಬೇಕಾದರೂ ಮಾಡಿಕೊಂಡು ಬನ್ನಿ, ಆದರೆ ಎದುರಿಗೆ ಕೂತು ಐದು ನಿಮಿಷ ನನ್ನ ಪ್ರಶ್ನೆಗೆ ಉತ್ತರ ಹೇಳಬೇಕು, ಅಂಕ ಆ ಐದು ನಿಮಿಷಕ್ಕೆ ಎನ್ನುತ್ತಾಳೆ. ಯಾವ ಭಾಷೆಯಲ್ಲಾದರೂ ಹೇಳಬಹುದು. ಒಂದು ಸೆಕ್ಷನ್ನಿಗೆ 60 ಮಕ್ಕಳು, ಅಂದರೆ ಐದು ಗಂಟೆ. ವರ್ಕ್‌ಲೋಡಿನ ಲೆಕ್ಕದಲ್ಲಿ ಆ ಐದು ಗಂಟೆಗೆ ಜಾಗವಿರಲಿಲ್ಲ. ವಿಭಾಗದ ಸಭೆಯಲ್ಲಿ ನಾವು ಕೆಲವರು ಹಟ ಹಿಡಿದು ಅದನ್ನು ಟೈಮ್‌ಟೇಬಲಿಗೆ ಸೇರಿಸಿದೆವು, ಬದಲಿಗೆ ಒಂದು ಟೆಸ್ಟಿನ ಕೆಲಸ ಕಡಿಮೆ ಮಾಡಿಕೊಂಡೆವು. ಈ ಸೆಮಿಸ್ಟರ್ ಎರಡು ಸೆಕ್ಷನ್ನುಗಳಲ್ಲಿ ಹಾಗೆ ನಡೆಯುತ್ತಿದೆ. ಮೂರನೆಯದಕ್ಕೆ ಕೂರಲು ಇನ್ನೊಬ್ಬ ಮೇಷ್ಟ್ರು ಬೇಕು ಎಂದು ಬರೆದುಕೊಟ್ಟಿದ್ದೇವೆ.